ಉದ್ದದ ಇಂಗ್ಲಿಷ್ ಪದ ಹುಡುಕಬೇಕಾ? ಬಾಲದಿಂದ ಶುರು ಮಾಡಿ

ಒಂಬತ್ತು ಅಕ್ಷರ ಕೊಡುತ್ತೇನೆ: ಎ, ಸಿ, ಡಿ, ಇ, ಐ, ಎನ್, ಓ, ಟಿ, ಯು. ಒಂಬತ್ತನ್ನೂ ಒಂದೊಂದೇ ಸಲ ಬಳಸಿ ಒಂದು ಇಂಗ್ಲಿಷ್ ಪದ ಮಾಡಬೇಕು. ಮುಂದೆ ಓದುವ ಮೊದಲು ಒಂದು ನಿಮಿಷ ನೀವೇ ಪ್ರಯತ್ನ ಮಾಡಿ ನೋಡಿ.

ಬಹಳ ಜನ ಏನು ಮಾಡುತ್ತಾರೆ ಅಂದರೆ, ಒಂಬತ್ತನ್ನೂ ದಿಟ್ಟಿಸಿಕೊಂಡು ಕೂರುತ್ತಾರೆ, ಪದ ತಾನಾಗಿಯೇ ಎದ್ದು ಬರಲಿ ಅಂತ. ನಾನೂ ಎಷ್ಟೋ ವರ್ಷ ಹಾಗೇ ಕೂತಿದ್ದೆ. ನಾಲ್ಕೈದು ಅಕ್ಷರದ ಪದಗಳು ಹಾಗೆ ಬರುತ್ತವೆ, ಉದ್ದದ್ದು ಬರುವುದಿಲ್ಲ. ಒಂಬತ್ತು ಬೇರೆ ಬೇರೆ ಅಕ್ಷರಗಳನ್ನು 3,62,880 ರೀತಿಯಲ್ಲಿ ಜೋಡಿಸಬಹುದು, ಅಷ್ಟನ್ನು ತಲೆಯಲ್ಲಿ ತಿರುವಿ ಹಾಕುವುದು ಯಾರಿಂದಲೂ ಆಗದ ಕೆಲಸ.

ಈಗ ಹೀಗೆ ಮಾಡಿ. ಟಿ-ಐ-ಓ-ಎನ್ ಇದೆಯಲ್ಲ, ಆ ನಾಲ್ಕನ್ನು ಎತ್ತಿ ಬಲಗಡೆ ಇಡಿ. ಇಂಗ್ಲಿಷಿನಲ್ಲಿ ಅದು ಬಹಳ ಸಾಮಾನ್ಯವಾದ ಬಾಲ. ಉಳಿದಿದ್ದು ಎ, ಸಿ, ಡಿ, ಇ, ಯು. ಐದೇ ಅಕ್ಷರ, 120 ಜೋಡಣೆ, ಅದರಲ್ಲೂ ಬಾಯಲ್ಲಿ ಹೇಳಲು ಬರುವಂಥವು ಕೆಲವೇ. ಇ-ಡಿ-ಯು-ಸಿ-ಎ ಅಂತ ಬರೆದ ತಕ್ಷಣ ಎಜುಕೇಶನ್ ಕಣ್ಣಿಗೆ ಬಿತ್ತು, ಅಲ್ವಾ?

ಇಷ್ಟಕ್ಕೇ ನಿಲ್ಲಿಸಬೇಡಿ. ಅದೇ ಒಂಬತ್ತಕ್ಕೆ ಬೇರೆ ಬಾಲ ಹಚ್ಚಿ ನೋಡಿ. ಇ-ಡಿ ತೆಗೆದು ಕೊನೆಗೆ ಇಟ್ಟರೆ ಏಳು ಉಳಿಯುತ್ತವೆ: ಎ, ಸಿ, ಐ, ಎನ್, ಓ, ಟಿ, ಯು. ಇದರಲ್ಲಿ ಎಚ್ಚರಿಕೆ ಎಂಬರ್ಥದ ಕಾಶನ್ ಇದೆ, ಹರಾಜು ಎಂಬರ್ಥದ ಆಕ್ಷನ್ ಕೂಡ ಇದೆ. ಎರಡಕ್ಕೂ ಇ-ಡಿ ಸೇರಿಸಿದರೆ ಇನ್ನೂ ಎರಡು ಒಂಬತ್ತಕ್ಷರದ ಪದ. ಅವೇ ಅಕ್ಷರ, ಮೂರು ಉತ್ತರ, ಮತ್ತು ಎರಡು ಬಾಲ ಬಿಟ್ಟರೆ ನಾವು ಬೇರೇನನ್ನೂ ಮುಟ್ಟಲಿಲ್ಲ. ಉದ್ದದ ಪದವನ್ನು ಇಡಿಯಾಗಿ ಹುಡುಕುವುದಲ್ಲ, ತುಂಡು ತುಂಡಾಗಿ ಕಟ್ಟುವುದು. ನಾನು ಹೇಳಬೇಕಾದ್ದು ಮುಖ್ಯವಾಗಿ ಇದೇ, ಉಳಿದದ್ದೆಲ್ಲ ಇದನ್ನು ಚೆನ್ನಾಗಿ ಮಾಡುವ ಬಗೆ.

ಮೊದಲು ಪ್ರಶ್ನೆ ಯಾವುದು ಅಂತ ನೋಡಿ

"ಈ ಅಕ್ಷರಗಳಿರುವ ಪದ" ಅನ್ನುವ ಮಾತಿಗೆ ನಾಲ್ಕು ಬೇರೆ ಬೇರೆ ಅರ್ಥ ಇದೆ. ಇದನ್ನು ಗಮನಿಸದೆ ಹೊರಟರೆ ಸುಮ್ನೆ ಸಮಯ ಹಾಳು.

ಒಂದು, ಕೊಟ್ಟ ಅಕ್ಷರಗಳನ್ನು ಮಾತ್ರ ಬಳಸಬೇಕು, ಅದೂ ಕೊಟ್ಟಷ್ಟೇ ಸಲ. ಅಕ್ಷರದ ಬಿಲ್ಲೆಗಳನ್ನು ಹಲಗೆಯ ಮೇಲೆ ಜೋಡಿಸಿ ಪದ ಮಾಡುವ ಸ್ಕ್ರ್ಯಾಬಲ್ ಆಟ ಹೀಗೆ. ಬ್ರಿಟನ್ನಿನ ಟಿವಿಯಲ್ಲಿ 1982ರಲ್ಲಿ ಶುರುವಾದ ಕೌಂಟ್‌ಡೌನ್ ಕೂಡ ಹೀಗೇ, ಅಲ್ಲಿ ಒಂಬತ್ತು ಅಕ್ಷರ ಮತ್ತು 30 ಸೆಕೆಂಡು. ಎರಡು, ಕೊಟ್ಟ ಅಕ್ಷರಗಳನ್ನು ಮಾತ್ರ ಬಳಸಬೇಕು, ಆದರೆ ಒಂದೊಂದನ್ನು ಎಷ್ಟು ಸಲ ಬೇಕಾದರೂ ಬಳಸಬಹುದು. ನ್ಯೂಯಾರ್ಕ್ ಟೈಮ್ಸ್‌ನ ಸ್ಪೆಲ್ಲಿಂಗ್ ಬೀ ಈ ಜಾತಿಯದು: ಏಳು ಅಕ್ಷರ, ನಡುವಿನ ಅಕ್ಷರ ಕಡ್ಡಾಯ, ಪದ ಕನಿಷ್ಠ ನಾಲ್ಕಕ್ಷರದ್ದಿರಬೇಕು, ಏಳೂ ಬಂದರೆ ಅದಕ್ಕೆ ಪ್ಯಾನ್‌ಗ್ರಾಮ್ ಅನ್ನುತ್ತಾರೆ. ಮೂರು, ಕೊಟ್ಟ ಅಕ್ಷರಗಳು ಪದದಲ್ಲಿ ಎಲ್ಲಾದರೂ ಇದ್ದರಾಯಿತು, ಬೇರೆಯವು ಎಷ್ಟಿದ್ದರೂ ಪರವಾಗಿಲ್ಲ. ನಾಲ್ಕು, ಕೊಟ್ಟ ಅಕ್ಷರಗಳು ಅದೇ ಕ್ರಮದಲ್ಲಿ ಬರಬೇಕು, ಕೆಲವೊಮ್ಮೆ ಒಂದಕ್ಕೊಂದು ಅಂಟಿಕೊಂಡೇ ಬರಬೇಕು.

ಒಂದನೆಯದಕ್ಕೂ ಎರಡನೆಯದಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡಬೇಕಾದರೆ ಮೇಲಿನ ಏಳು ಅಕ್ಷರಗಳನ್ನೇ ತೆಗೆದುಕೊಳ್ಳಿ: ಎ, ಸಿ, ಐ, ಎನ್, ಓ, ಟಿ, ಯು. ಒಂದೊಂದೇ ಸಲ ಅಂದರೆ ಏಳಕ್ಷರಕ್ಕಿಂತ ಮುಂದೆ ಹೋಗಲಾಗದು. ಮತ್ತೆ ಮತ್ತೆ ಬಳಸಬಹುದು ಅಂದರೆ ಕಂಟಿನ್ಯುಯೇಶನ್ ಬರುತ್ತದೆ, ಸಿ-ಓ-ಎನ್-ಟಿ-ಐ-ಎನ್-ಯು-ಎ-ಟಿ-ಐ-ಓ-ಎನ್, ಹನ್ನೆರಡು ಅಕ್ಷರ, ಮತ್ತು ಏಳನ್ನು ಬಿಟ್ಟು ಬೇರೊಂದು ಅಕ್ಷರವೂ ಅದರಲ್ಲಿ ಇಲ್ಲ. ಹಾಗಾಗಿ ಪುನರಾವರ್ತನೆಗೆ ಅವಕಾಶ ಇದ್ದಾಗ ತಲೆಯಲ್ಲೂ ಬಾಲದಲ್ಲೂ ಒಂದೇ ಅಕ್ಷರಗಳು ಬರುವ ಪದಗಳ ಕಡೆ ಮನಸ್ಸು ಕೊಡಿ. ಸಿ-ಓ-ಎನ್ ಎಂಬ ತಲೆ, ಟಿ-ಐ-ಓ-ಎನ್ ಎಂಬ ಬಾಲ, ಎರಡರಲ್ಲೂ ಓ ಮತ್ತು ಎನ್. ಇದೇ ರೀತಿ ಮಷೀನ್ ಪದದ ಏಳು ಅಕ್ಷರಗಳು ಸಿಕ್ಕಿದರೆ ಮೆಕ್ಯಾನಿಕ್ ಕೂಡ ಸಿಕ್ಕಿತು ಅಂತಲೇ ಲೆಕ್ಕ, ಸಿ ಒಂದನ್ನು ಎರಡು ಸಲ ಬಳಸಿದರೆ ಸಾಕು.

ಬಾಲಗಳು

ತಲೆಯಿಂದ ಯಾಕೆ ಬೇಡ, ಬಾಲದಿಂದಲೇ ಯಾಕೆ? ಯು-ಎನ್, ಆರ್-ಇ, ಡಿ-ಐ-ಎಸ್ ಮುಂತಾದ ತಲೆಗಳು ಚಿಕ್ಕವು, ಸಿಕ್ಕಸಿಕ್ಕ ಪದಕ್ಕೆಲ್ಲ ಅಂಟುತ್ತವೆ, ಆದ್ದರಿಂದ ಅವು ನಿಮಗೆ ಹೆಚ್ಚೇನೂ ಹೇಳುವುದಿಲ್ಲ. ಬಾಲ ಹಾಗಲ್ಲ. ಅದು ಒಂದೇ ಏಟಿಗೆ ಮೂರು ನಾಲ್ಕು ಅಕ್ಷರ ಖರ್ಚು ಮಾಡಿಸುತ್ತದೆ, ಜೊತೆಗೆ ಮುಂದೆ ಬರಬೇಕಾದದ್ದು ಕ್ರಿಯಾಪದವೋ ಗುಣವಾಚಕವೋ ಅನ್ನುವುದನ್ನೂ ತಿಳಿಸುತ್ತದೆ. ಎನ್-ಇ-ಎಸ್-ಎಸ್ ಇಟ್ಟರೆ ಅದರ ಎಡಕ್ಕೆ ಗುಣವಾಚಕ ಹುಡುಕಿ. ಎಂ-ಇ-ಎನ್-ಟಿ ಇಟ್ಟರೆ ಕ್ರಿಯಾಪದ. ಎ-ಬಿ-ಎಲ್-ಇ ಇಟ್ಟರೂ ಹೆಚ್ಚಾಗಿ ಕ್ರಿಯಾಪದವೇ.

ಬಾಲ ಹಚ್ಚುವ ಮೊದಲು ಅದರ ಬೆಲೆ ಕಟ್ಟಲು ಅಕ್ಷರ ಇದೆಯೇ ಅಂತ ನೋಡಿಕೊಳ್ಳಿ. ಇದು ಬಹಳ ಜನ ತಪ್ಪುವ ಜಾಗ. ಎನ್-ಇ-ಎಸ್-ಎಸ್‌ಗೂ ಎಲ್-ಇ-ಎಸ್-ಎಸ್‌ಗೂ ಎಸ್ ಎರಡು ಬೇಕು. ಎ-ಎಲ್-ಎಲ್-ವೈಗೆ ಎಲ್ ಎರಡು. ಓ-ಎಲ್-ಓ-ಜಿ-ವೈಗೆ ಓ ಎರಡು. ನಿಮ್ಮ ಬಳಿ ಒಂದೇ ಓ ಇದ್ದರೆ ಶಾಸ್ತ್ರಗಳ ಹೆಸರುಗಳನ್ನು ನೆನೆಸಿಕೊಳ್ಳುತ್ತಾ ಕೂರಬೇಡಿ. ಸ್ಕ್ರ್ಯಾಬಲ್‌ನ 100 ಬಿಲ್ಲೆಗಳಲ್ಲಿ ಇ 12 ಇವೆ, ಆದರೆ ಎಸ್ ಬರೀ ನಾಲ್ಕು. ಅಲ್ಲಿ ಎರಡು ಎಸ್ ನುಂಗುವ ಬಾಲಕ್ಕೆ ಕಾಯುವುದಕ್ಕಿಂತ ಐ-ಎನ್-ಜಿ, ಇ-ಡಿ, ಇ-ಆರ್ ಕಡೆ ನೋಡುವುದು ಒಳ್ಳೆಯದು. ಏಳೂ ಬಿಲ್ಲೆಗಳನ್ನು ಒಂದೇ ಸಲ ಇಳಿಸಿದರೆ ಸಿಗುವ 50 ಅಂಕಗಳ ಬೋನಸ್ ಈ ಚಿಕ್ಕ ಬಾಲಗಳಿಂದಲೇ ಜಾಸ್ತಿ ಬರುತ್ತದೆ.

ಇನ್ನೊಂದು ಸಂಗತಿ, ಬಾಲಕ್ಕೆ ಬಾಲ ಕಟ್ಟಬಹುದು. ನೇಶನ್‌ಗೆ ಎ-ಎಲ್ ಸೇರಿ ನ್ಯಾಶನಲ್, ಅದಕ್ಕೆ ಐ-ಝಡ್-ಇ ಸೇರಿ ನ್ಯಾಶನಲೈಜ್, ಕೊನೆಯ ಇ ಬಿದ್ದು ಎ-ಟಿ-ಐ-ಓ-ಎನ್ ಸೇರಿ ನ್ಯಾಶನಲೈಜೇಶನ್. ಆರಕ್ಷರದಿಂದ ಹೊರಟು ಹದಿನೈದಕ್ಕೆ ಮುಟ್ಟಿದೆವು. ಮುಂದೆ ಐ-ಎನ್-ಟಿ-ಇ-ಆರ್ ಎಂಬ ತಲೆ ಇಟ್ಟರೆ ಇಪ್ಪತ್ತು. ಕಂಪ್ಯೂಟರ್ ಜನ ಈ ಇಂಟರ್‌ನ್ಯಾಶನಲೈಜೇಶನ್ ಬರೆದು ಬರೆದು ಸಾಕಾಗಿ ಐ18ಎನ್ ಅಂತ ಮೊಟಕು ಮಾಡಿಕೊಂಡಿದ್ದಾರೆ, ಮೊದಲ ಐ ಮತ್ತು ಕೊನೆಯ ಎನ್ ನಡುವೆ ಸರಿಯಾಗಿ 18 ಅಕ್ಷರ. ಹಾಗಾಗಿ ಒಂದು ಪದ ಸಿಕ್ಕಿದ ಕೂಡಲೇ "ಇದರ ಹಿಂದೆ ಇನ್ನೇನು ಅಂಟುತ್ತದೆ?" ಅಂತ ಒಂದು ಸಲ ಕೇಳಿಕೊಳ್ಳಿ. ಬ್ರಿಟಿಷ್ ಕಾಗುಣಿತದಲ್ಲಿ ಈ ಝಡ್ ಜಾಗಕ್ಕೆ ಎಸ್ ಬರಬಹುದು, ಝಡ್ ಇಲ್ಲ ಅಂತ ಕೈಬಿಡಬೇಡಿ.

ಕೀಲುಗಳಲ್ಲಿ ಅಕ್ಷರ ಬದಲಾಗುತ್ತದೆ

ಬಾಲ ಅಂಟುವ ಕಡೆ ಇಂಗ್ಲಿಷ್ ಸ್ವಲ್ಪ ಬಾಗುತ್ತದೆ. ರಿಲೇಟ್ ಪದದ ಕೊನೆಯ ಇ, ಐ-ಎನ್-ಜಿ ಬಂದಾಗ ಬಿದ್ದು ಹೋಗುತ್ತದೆ. ಹ್ಯಾಪಿ ಪದದ ವೈ, ಎನ್-ಇ-ಎಸ್-ಎಸ್ ಬಂದಾಗ ಐ ಆಗುತ್ತದೆ. ಸಂಭವಿಸು ಎಂಬರ್ಥದ ಅಕರ್ (ಓ-ಸಿ-ಸಿ-ಯು-ಆರ್) ಪದದ ಆರ್, ಇ-ಎನ್-ಸಿ-ಇ ಬಂದಾಗ ಎರಡಾಗುತ್ತದೆ, ಹೀಗೆ ಅಕರೆನ್ಸ್‌ನಲ್ಲಿ ಸಿ ಮೂರು ಸಲ, ಆರ್ ಎರಡು ಸಲ.

ಹುಡುಕುವವರಿಗೆ ಇದರ ಉಪಯೋಗ ದೊಡ್ಡದು. ಕೊಟ್ಟ ಅಕ್ಷರಗಳಲ್ಲಿ ವೈ ಇಲ್ಲ, ಆದರೆ ಐ ಮತ್ತು ಎನ್-ಇ-ಎಸ್-ಎಸ್ ಇದೆ ಅಂದರೆ ವೈಯಲ್ಲಿ ಮುಗಿಯುವ ಗುಣವಾಚಕಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಒಂದೇ ವ್ಯಂಜನ ಎರಡು ಸಲ ಕಂಡರೆ ಅದು ಕೀಲಿನ ಗುರುತಿರಬಹುದು, ಅದರ ಬಲಕ್ಕೆ ಐ-ಎನ್-ಜಿ ಅಥವಾ ಇ-ಡಿ ಇಟ್ಟು ನೋಡಿ. ಬಾಲ ಕಿತ್ತ ಮೇಲೆ ಉಳಿದದ್ದು ಅರ್ಧ ಪದದಂತೆ ಕಂಡರೆ ಕೊನೆಗೆ ಒಂದು ಇ ಮನಸ್ಸಿನಲ್ಲೇ ಸೇರಿಸಿ ಓದಿ.

ಕಿವಿಯನ್ನು ಪಕ್ಕಕ್ಕಿಡಿ

ಕನ್ನಡದಲ್ಲಿ ನಾವು ನುಡಿದಂತೆ ಬರೆದು ರೂಢಿ, ಹಾಗಾಗಿ ಈ ಆಟದಲ್ಲಿ ಕಿವಿ ನಮ್ಮನ್ನು ಬಹಳ ಸಲ ದಾರಿ ತಪ್ಪಿಸುತ್ತದೆ. ಪಿ, ಎಸ್, ವೈ, ಸಿ, ಎಚ್ ಇರುವ ಪದ ಹೇಳಿ ಅಂದರೆ ಮನಸ್ಸು ಪಕಾರ ಚಕಾರ ಕೇಳುವ ಪದ ಹುಡುಕುತ್ತದೆ. ಸೈಕಾಲಜಿಯಲ್ಲಿ ಐದೂ ಇವೆ, ಆದರೆ ಪಕಾರವೂ ಕೇಳುವುದಿಲ್ಲ, ಚಕಾರವೂ ಕೇಳುವುದಿಲ್ಲ. ಬಾಲ ಬದಲಿಸಿ ಸೈಕಲಾಜಿಕಲಿ ಮಾಡಿದರೆ ಹದಿನೈದಕ್ಷರ. ನಾಲೆಡ್ಜ್‌ನಲ್ಲಿ ಕೆ, ಡಬ್ಲ್ಯೂ ಎರಡೂ ಇವೆ, ಎರಡೂ ಸದ್ದು ಮಾಡುವುದಿಲ್ಲ. ಅದಕ್ಕೆ ಎ-ಸಿ ತಲೆ, ಎಂ-ಇ-ಎನ್-ಟಿ ಬಾಲ ಸೇರಿಸಿದರೆ ಅಕ್ನಾಲೆಡ್ಜ್‌ಮೆಂಟ್, ಜಿ ಆದ ಮೇಲೆ ಇ ಇಟ್ಟರೆ ಹದಿನೈದು, ಬಿಟ್ಟರೆ ಹದಿನಾಲ್ಕು, ಎರಡು ಕಾಗುಣಿತವೂ ನಡೆಯುತ್ತದೆ.

ಆದ್ದರಿಂದ ಅಕ್ಷರಗಳನ್ನು ಬಾಯಲ್ಲಿ ಉಚ್ಚರಿಸುವುದಕ್ಕಿಂತ ಕಾಗದದ ಮೇಲೆ ಬರೆದು ಕಣ್ಣಿಂದ ನೋಡಿ. ಸಾಲಾಗಿ ಬರೆಯಬೇಡಿ, ವೃತ್ತದಲ್ಲಿ ಬರೆಯಿರಿ. ಸಾಲಾಗಿ ಬರೆದರೆ ಕಣ್ಣು ಅದನ್ನೇ ಒಂದು ಪದ ಅಂತ ಓದಲು ಹೊರಡುತ್ತದೆ, ಆಮೇಲೆ ಆ ಕ್ರಮ ತಲೆಯಿಂದ ಬಿಡುವುದೇ ಇಲ್ಲ. ಜೊತೆಯಾಗಿ ಓಡಾಡುವ ಅಕ್ಷರಗಳನ್ನು ಪಕ್ಕಪಕ್ಕ ಇಡಿ: ಪಿ-ಎಚ್, ಸಿ-ಎಚ್, ಟಿ-ಎಚ್, ಜಿ-ಎಚ್, ಸಿ-ಕೆ, ಕ್ಯೂ-ಯು. ಎಚ್ ಒಂಟಿಯಾಗಿ ಉಳಿದಿದೆ ಅಂದರೆ ಅದಕ್ಕೊಂದು ಜೊತೆ ಹುಡುಕುವುದೇ ಮೊದಲ ಕೆಲಸ.

ಬೇರೆ ಅಕ್ಷರಗಳಿಗೂ ಅವಕಾಶ ಇದ್ದಾಗ

ಮೂರನೆಯ ಬಗೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಇಷ್ಟ. ಎಕ್ಸ್, ವೈ, ಎಚ್ ಮೂರೂ ಇರುವ ಉದ್ದದ ಪದ ಬೇಕು ಅನ್ನಿ. ಇಲ್ಲಿ ಅಪರೂಪದ ಅಕ್ಷರದಿಂದ ಹೊರಡಬೇಕು, ಯಾಕೆಂದರೆ ಅದು ಕೂರುವ ಜಾಗ ಕಡಿಮೆ. ಎಕ್ಸ್ ಎಲ್ಲಿ ಕೂರುತ್ತದೆ? ಇ-ಎಕ್ಸ್ ಎಂಬ ತಲೆಯಲ್ಲಿ, ಓ-ಎಕ್ಸ್-ವೈಯಲ್ಲಿ, ಗ್ರೀಕ್ ಮೂಲದ ಕೆಲವು ಪದಗಳ ನಡುವೆ. ಇ-ಎಕ್ಸ್ ಹಿಡಿದು ಎಚ್ ಸೇರಿಸಿದರೆ ಎಕ್ಸಾಸ್ಟ್ ಸಿಗುತ್ತದೆ, ಇ-ಎಕ್ಸ್-ಎಚ್-ಎ-ಯು-ಎಸ್-ಟಿ. ವೈ ಬೇಕಲ್ಲ? ಅದಕ್ಕೆ ಎಲ್-ವೈ ಬಾಲ ಇದ್ದೇ ಇದೆ. ಎಕ್ಸಾಸ್ಟಿವ್‌ಲಿ, ಹನ್ನೆರಡು ಅಕ್ಷರ. ಗ್ರೀಕ್ ದಾರಿ ಹಿಡಿದರೆ ಉಸಿರುಕಟ್ಟುವುದು ಎಂಬರ್ಥದ ಅಸ್ಫಿಕ್ಸಿಯೇಶನ್, ಎ-ಎಸ್-ಪಿ-ಎಚ್-ವೈ-ಎಕ್ಸ್-ಐ-ಎ-ಟಿ-ಐ-ಓ-ಎನ್, ಅದೂ ಹನ್ನೆರಡೇ.

ಜೆ, ವಿ, ಬಿ ಕೊಟ್ಟರೆ? ಜೆ ಬಂದಾಗ ನನಗೆ ತಕ್ಷಣ ನೆನಪಾಗುವುದು ಜೆ-ಇ-ಸಿ-ಟಿ ಎಂಬ ಲ್ಯಾಟಿನ್ ಇಟ್ಟಿಗೆ. ಮುಂದೆ ಎಸ್-ಯು-ಬಿ, ಹಿಂದೆ ಐ-ವಿ-ಐ-ಟಿ-ವೈ, ಸಬ್ಜೆಕ್ಟಿವಿಟಿ, ಹನ್ನೆರಡು. ಇಂಥ ಇಟ್ಟಿಗೆಗಳನ್ನು ಒಂದಿಪ್ಪತ್ತು ಕೂಡಿಟ್ಟುಕೊಳ್ಳಿ: ಡಿ-ಯು-ಸಿ-ಟಿ, ಎಸ್-ಪಿ-ಇ-ಸಿ-ಟಿ, ಎಸ್-ಟಿ-ಆರ್-ಯು-ಸಿ-ಟಿ, ಎಸ್-ಸಿ-ಆರ್-ಐ-ಪಿ-ಟಿ, ಜಿ-ಆರ್-ಎ-ಪಿ-ಎಚ್. ಇವುಗಳ ಮುಂದೆ ಹಿಂದೆ ಏನೇನು ಅಂಟುತ್ತದೆ ಅಂತ ಬಿಡುವಿದ್ದಾಗ ಬರೆದು ನೋಡಿದರೆ ಅರ್ಧ ನಿಘಂಟು ಕೈಗೆ ಬಂದಂತೆ.

ಕ್ಯೂ ಮತ್ತು ಝಡ್ ಒಟ್ಟಿಗೆ ಬಂದರೆ ಹೆದರಬೇಡಿ. ಝಡ್‌ಗೆ ಐ-ಝಡ್-ಇ ಬಾಲದಲ್ಲಿ ಜಾಗ ಮಾಡಿಕೊಟ್ಟು ಕ್ಯೂ ಇರುವ ಗುಣವಾಚಕ ಹುಡುಕಿ: ಈಕ್ವಲ್, ಟ್ರ್ಯಾಂಕ್ವಿಲ್. ಈಕ್ವಲೈಜೇಶನ್, ಟ್ರ್ಯಾಂಕ್ವಿಲೈಜರ್, ಎರಡೂ ಹನ್ನೆರಡಕ್ಷರದವು.

ಐದೂ ಸ್ವರ ಬೇಕು ಅನ್ನುವ ಪ್ರಶ್ನೆ ಪದೇಪದೇ ಬರುತ್ತದೆ, ಅದಕ್ಕೆ ಮೂರು ಪದ ನೆನಪಿಡಿ. ಒಂದು ಮರದ ಹೆಸರಾದ ಸೆಕ್ವೊಯಾ, ಎಸ್-ಇ-ಕ್ಯೂ-ಯು-ಓ-ಐ-ಎ, ಬರೀ ಏಳಕ್ಷರ. ತಮಾಷೆಯ ಎಂಬರ್ಥದ ಫಸೀಶಸ್‌ನಲ್ಲಿ ಎ, ಇ, ಐ, ಓ, ಯು ಇದೇ ಕ್ರಮದಲ್ಲಿ ಬರುತ್ತವೆ, ಎಲ್-ವೈ ಸೇರಿಸಿದರೆ ವೈ ಕೂಡ. ಸಬ್‌ಕಾಂಟಿನೆಂಟಲ್‌ನಲ್ಲಿ ಅವೇ ಐದು ತಿರುಗುಮುರುಗಾಗಿ, ಯು, ಓ, ಐ, ಇ, ಎ. ಯಾವ ಅಕ್ಷರವೂ ಎರಡು ಸಲ ಬರಬಾರದು ಅಂದರೆ ಅನ್‌ಕಾಪಿರೈಟಬಲ್, ಹದಿನೈದಕ್ಕೆ ಹದಿನೈದೂ ಬೇರೆ ಬೇರೆ. ಇದನ್ನು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಅಕ್ಷರಗಳು ಅಂಟಿಕೊಂಡೇ ಬರಬೇಕು ಅಂದಾಗ ಉಪಾಯ ಬೇರೆ. ಡಬ್ಲ್ಯೂ-ಎಸ್-ಪಿ, ಕೆ-ಎಸ್-ಎಚ್, ಟಿ-ಸಿ-ಎಚ್-ಪಿ-ಎಚ್-ಆರ್, ಇವು ಒಂದೇ ಪದದೊಳಗೆ ಬರುವುದಾದರೂ ಹೇಗೆ ಅನ್ನಿಸುತ್ತದೆ. ಅದು ಎರಡು ಪದ ಸೇರಿಸಿ ಹೊಲಿದ ಜಾಗ. ನಡುವೆ ಎಲ್ಲೋ ಒಂದು ಗೆರೆ ಎಳೆಯಿರಿ: ನ್ಯೂಸ್‌ಪೇಪರ್, ವರ್ಕ್‌ಶಾಪ್, ಕ್ಯಾಚ್‌ಫ್ರೇಜ್. ಗೆರೆಯ ಎಡಕ್ಕೆ ಪದ ಮುಗಿಯುವ ರೀತಿ, ಬಲಕ್ಕೆ ಪದ ಶುರುವಾಗುವ ರೀತಿ ಇರಬೇಕು, ಅಷ್ಟೇ.

ಕಂಪ್ಯೂಟರ್ ಕೈಗೆ ಕೊಡುವುದಾದರೆ

ಆಟದ ನಡುವೆ ಬೇಡ, ಆದರೆ ಪದಬಂಧ ರಚಿಸುವವರಿಗೆ, ಕಲಿಯುವವರಿಗೆ ಇದು ಬೇಕೇ ಬೇಕು. ಮೊದಲು ಒಂದು ಪದಪಟ್ಟಿ ಬೇಕು. ಮ್ಯಾಕ್‌ನಲ್ಲಿ ವರ್ಡ್ಸ್ ಹೆಸರಿನ ಫೈಲ್ ಯುಎಸ್‌ಆರ್, ಅದರೊಳಗೆ ಶೇರ್, ಅದರೊಳಗೆ ಡಿಕ್ಟ್ ಫೋಲ್ಡರಿನಲ್ಲಿ ಸಿದ್ಧವಾಗಿಯೇ ಇರುತ್ತದೆ. ಲಿನಕ್ಸ್‌ನಲ್ಲೂ ಜಾಗ ಅದೇ, ಇಲ್ಲದಿದ್ದರೆ ಇನ್‌ಸ್ಟಾಲ್ ಮಾಡಿಕೊಳ್ಳಬೇಕು. ಮ್ಯಾಕ್‌ನ ಪಟ್ಟಿ 1934ರ ವೆಬ್‌ಸ್ಟರ್ ನಿಘಂಟಿನದು, ಸುಮಾರು 2.3 ಲಕ್ಷ ಪದ. ಅದರಲ್ಲಿ ಬಹುವಚನಗಳು ಹೆಚ್ಚು ಕಡಿಮೆ ಇಲ್ಲವೇ ಇಲ್ಲ, ಈಗ ಯಾರೂ ಬಳಸದ ಪದಗಳು ರಾಶಿ ಇವೆ. ಪದದಾಟಗಳಿಗೆ ಎನೇಬಲ್ ಎಂಬ ಪಟ್ಟಿ ಒಳ್ಳೆಯದು, ಸುಮಾರು 1.7 ಲಕ್ಷ ಪದ, ಯಾರು ಬೇಕಾದರೂ ಬಳಸಬಹುದು.

ಅಕ್ಷರಗಳು ಎಲ್ಲಾದರೂ ಇರಲಿ ಅಂದರೆ ಫೈಲಿನೊಳಗೆ ಹುಡುಕಿಕೊಡುವ ಗ್ರೆಪ್ ಎಂಬ ಕಮಾಂಡಿಗೆ ಒಂದೊಂದೇ ಅಕ್ಷರ ಕೊಡಿ, ಒಂದರ ಫಲಿತಾಂಶವನ್ನು ಪೈಪ್ ಗುರುತಿನಿಂದ ಇನ್ನೊಂದಕ್ಕೆ ಹರಿಸಿ. ಮೂರು ಅಕ್ಷರಕ್ಕೆ ಮೂರು ಗ್ರೆಪ್. ಟಿ ಎರಡು ಸಲ ಬೇಕೆಂದರೆ ಟಿ, ಚುಕ್ಕಿ, ನಕ್ಷತ್ರದ ಗುರುತು, ಟಿ ಅಂತ ಬರೆಯಿರಿ. ಕೊಟ್ಟವು ಮಾತ್ರ ಬೇಕೆಂದರೆ ಕ್ಯಾರೆಟ್ ಗುರುತು, ಚೌಕ ಆವರಣದೊಳಗೆ ನಿಮ್ಮ ಅಕ್ಷರಗಳೆಲ್ಲ, ನಕ್ಷತ್ರ, ಕೊನೆಗೆ ಡಾಲರ್ ಗುರುತು. ಇದು ಪುನರಾವರ್ತನೆಗೆ ಅವಕಾಶ ಕೊಡುತ್ತದೆ ಅನ್ನುವುದು ನೆನಪಿರಲಿ, ಒಂದೊಂದೇ ಸಲ ಅನ್ನುವ ನಿಯಮ ಇದ್ದರೆ ಆಮೇಲೆ ಎಣಿಸಿ ತೆಗೆಯಬೇಕು. ಬಂದದ್ದನ್ನು ಉದ್ದದ ಪ್ರಕಾರ ಜೋಡಿಸಿ ಮೇಲಿನಿಂದ ನೋಡಿ.

ಕಮಾಂಡ್ ಬೇಡ ಅಂದರೆ ಪಟ್ಟಿಯನ್ನು ಎಕ್ಸೆಲ್‌ಗೆ ಹಾಕಿ, ಲೆನ್ ಫಂಕ್ಷನ್‌ನಿಂದ ಉದ್ದ, ಸರ್ಚ್ ಫಂಕ್ಷನ್‌ನಿಂದ ಅಕ್ಷರ ಇದೆಯೋ ಇಲ್ಲವೋ ನೋಡಬಹುದು. ಫೋನಿನಲ್ಲೇ ಆಗಬೇಕೆಂದರೆ ಒನ್‌ಲುಕ್ ಎಂಬ ನಿಘಂಟು ತಾಣದಲ್ಲಿ ನಕ್ಷತ್ರ ಅಂದರೆ ಎಷ್ಟು ಅಕ್ಷರವಾದರೂ, ಪ್ರಶ್ನಾರ್ಥಕ ಚಿಹ್ನೆ ಅಂದರೆ ಒಂದೇ ಅಕ್ಷರ. ಅಂಟಿಕೊಂಡು ಬರುವ ಗುಂಪಿನ ಎರಡೂ ಕಡೆ ನಕ್ಷತ್ರ ಇಟ್ಟರೆ ಸಾಕು.

ಎಲ್ಲ ಅಕ್ಷರಗಳನ್ನೂ ಬಳಸುವ ಪದಕ್ಕೆ ಇದಕ್ಕಿಂತ ಚೆಂದದ ದಾರಿ ಇದೆ. ಪಟ್ಟಿಯ ಪ್ರತಿ ಪದದ ಅಕ್ಷರಗಳನ್ನೂ ಎಯಿಂದ ಝಡ್ ಕ್ರಮದಲ್ಲಿ ಜೋಡಿಸಿ ಪಕ್ಕದಲ್ಲಿ ಬರೆಸಿಡಿ. ಒಂದೇ ಅಕ್ಷರಗಳ ಪದಗಳಿಗೆಲ್ಲ ಆ ಜೋಡಣೆ ಒಂದೇ ಆಗಿರುತ್ತದೆ. ಸ್ಕ್ರ್ಯಾಬಲ್ ಆಡುವವರು ಇದಕ್ಕೆ ಆಲ್ಫಾಗ್ರಾಮ್ ಅನ್ನುತ್ತಾರೆ, ಪಳಗಿದವರು ಆಲ್ಫಾಗ್ರಾಮ್ ನೋಡಿದರೆ ಪದ ಹೇಳುವಷ್ಟು ಅಭ್ಯಾಸ ಮಾಡುತ್ತಾರೆ. ಮೊದಲ ಸಾಲಿನಲ್ಲಿ ನಾನು ಎ, ಸಿ, ಡಿ, ಇ ಅಂತ ಕ್ರಮವಾಗಿ ಕೊಟ್ಟಿದ್ದೂ ಅದೇ.

ಈಗ ಇನ್ನೊಂದು ಆಲ್ಫಾಗ್ರಾಮ್, ಇದನ್ನು ಕಾಗದ ಪೆನ್ನಿನಲ್ಲೇ ಬಿಡಿಸಿ: ಎ, ಇ, ಜಿ, ಐ, ಎಲ್, ಎನ್, ಆರ್, ಟಿ. ಎಂಟೂ ಒಂದೊಂದೇ ಸಲ, ಕನಿಷ್ಠ ಐದು ಪದ ಸಿಗಬೇಕು. ಐ-ಎನ್-ಜಿ ಬಾಲ ಇಟ್ಟರೆ ಮೂರು ಬರುತ್ತವೆ, ಅದರಲ್ಲಿ ಒಂದಕ್ಕೆ ಕೀಲಿನಲ್ಲಿ ಇ ಬಿದ್ದಿದೆ. ಎ-ಎಲ್ ಬಾಲಕ್ಕೆ ಒಂದು. ಐದನೆಯದಕ್ಕೆ ಬಾಲ ಇಲ್ಲ, ಮೂರು ಎಂಬರ್ಥದ ತಲೆ ಇದೆ.